ಟಿಬಿ ಇಲ್ಲ ಅಂದ್ಮೇಲೆ ಮುಂದೇನು? ನಮ್ಮ ಜಿಲ್ಲೆಯ ಆರೋಗ್ಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಚಿಕ್ಕಬಳ್ಳಾಪುರ ಜಿಲ್ಲೆಯ ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ ಮತ್ತು ತಾಲ್ಲೂಕು ಆಸ್ಪತ್ರೆಗಳ ಜವಾಬ್ದಾರಿ ಹೊತ್ತಿರೋ ಎಲ್ಲರಿಗೂ

ವಿಷಯ: ಬೀಡಿ ಸಿಗರೇಟ್ ಸೇದೋರಿಗೆ ಊದೋ ಟೆಸ್ಟ್, ಅಂದ್ರೆ ಸ್ಪೈರೋಮೆಟ್ರಿ, ತಾಲ್ಲೂಕು ಮಟ್ಟದಲ್ಲೇ ಸಿಗೋ ಹಾಗೆ ಮಾಡಬೇಕು ಅಂತ ಕೇಳ್ಕೊಳ್ಳೋದರ ಬಗ್ಗೆ

ಮಾನ್ಯರೇ,

ನಾನು ಶಿಡ್ಲಘಟ್ಟದ ಒಂದು ಮೆಡಿಕಲ್ ಸ್ಟೋರಲ್ಲಿ ಕೆಲಸ ಮಾಡೋನು. ಡಿ.ಫಾರ್ಮಾ ಓದಿದೀನಿ, ಕೌಂಟರ್ ಹಿಂದೆ ನಿಂತು ವರ್ಷಗಳೇ ಆದವು. ಈ ಊರಲ್ಲಿ ಯಾರು ಎಷ್ಟು ಕೆಮ್ಮಿನ ಸಿರಪ್ ಕುಡೀತಾರೆ ಅನ್ನೋದು ಡಾಕ್ಟರಿಗಿಂತ ನಮಗೇ ಚೆನ್ನಾಗಿ ಗೊತ್ತಿರುತ್ತೆ, ಯಾಕಂದ್ರೆ ಒಂದ್ಸಲ ಚೀಟಿ ಬರೆಸ್ಕೊಂಡು ಬಂದೋರು ಆಮೇಲೆ ಖಾಲಿ ಬಾಟ್ಲು ತೋರ್ಸಿ ಅದನ್ನೇ ಕೇಳ್ತಾರೆ. ರೇಷ್ಮೆಗೂಡು ಮಾರ್ಕೆಟ್ ಮುಗಿಸ್ಕೊಂಡು ಬರೋ ರೀಲರ್‌ಗಳು ಅಂದ್ರೆ ಗೂಡಿಂದ ನೂಲು ಬಿಚ್ಚೋರು, ಬಾಯ್ಲರ್ ಒಲೆಗೆ ಸೌದೆ ಹಾಕೋರು, ಗೂಡು ಬೇಯಿಸೋ ಬಿಸಿನೀರಿನ ಹಬೆ ಮಧ್ಯೆ ದಿನವಿಡೀ ನಿಲ್ಲೋರು, ಕ್ರಷರ್ ಕಡೆ ಕೆಲಸಕ್ಕೆ ಹೋಗೋರು, ಲಾರಿ ಡ್ರೈವರ್‌ಗಳು. ಸುಮಾರು ಜನ ನಲವತ್ತು ದಾಟಿರೋ ಗಂಡಸರು, ಶರ್ಟ್ ಜೇಬಲ್ಲಿ ಬೀಡಿ ಕಟ್ಟು ಇದ್ದೇ ಇರುತ್ತೆ. ಮೆಟ್ಟಿಲು ಎರಡೇ ಇರೋ ನಮ್ಮ ಅಂಗಡಿ ಹತ್ತಿ ಬಂದು, ಕೌಂಟರ್ ಮೇಲೆ ಎರಡೂ ಕೈ ಊರಿ, ಉಸಿರು ಸರಿಯಾದ ಮೇಲೆ ಮಾತಾಡ್ತಾರೆ. ಅವರನ್ನ ಕೇಳಿದ್ರೆ ಖಾಯಿಲೆ ಏನೂ ಇಲ್ಲ, ಬರೀ ಬೀಡಿ ಕೆಮ್ಮು ಅಂತಾರೆ.

ಇವರಲ್ಲಿ ತುಂಬಾ ಜನ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿರೋರೇ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಅಂದ ತಕ್ಷಣ ಕಫ ಪರೀಕ್ಷೆಗೆ ಕಳಿಸ್ತಾರೆ, ಎಕ್ಸ್‌ರೇ ಮಾಡ್ತಾರೆ, ಆ ಕೆಲಸದ ಬಗ್ಗೆ ನನಗೆ ಒಂದು ದೂರೂ ಇಲ್ಲ, ಟಿಬಿ ವಿಚಾರದಲ್ಲಿ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಮಾಡೋ ಕೆಲಸ ದೊಡ್ಡದು. ನನ್ನ ದೂರು ಇರೋದು ಅದರ ಮುಂದಿನ ಹೆಜ್ಜೆ ಬಗ್ಗೆ. ಕಫ ನೆಗೆಟಿವ್, ಎಕ್ಸ್‌ರೇ ಕ್ಲಿಯರ್ ಅಂತ ಬಂದ್ರೆ ಅಲ್ಲಿಗೆ ದಾರಿ ಮುಗೀತು. ಸಿರಪ್ಪು, ಒಂದು ಕೋರ್ಸ್ ಆಂಟಿಬಯೋಟಿಕ್ಕು, ಬೀಡಿ ಬಿಡಪ್ಪಾ ಅನ್ನೋ ಒಂದು ಮಾತು. ಅವನ ಕಿವಿಗೆ ಬೀಳೋದು ಏನೂ ಇಲ್ಲವಂತೆ ಅನ್ನೋದಷ್ಟೇ. ನನ್ನ ಶ್ವಾಸಕೋಶ ಚೆನ್ನಾಗಿದೆ ಅಂತ ಎಕ್ಸ್‌ರೇಲೇ ಬಂದಿದೆ ಅಂತ ಹತ್ತು ಜನಕ್ಕೆ ಹೇಳ್ಕೊಂಡು ಓಡಾಡ್ತಾನೆ.

ಸಾರ್, ಎಕ್ಸ್‌ರೇ ಕ್ಲಿಯರ್ ಇದ್ರೆ ಶ್ವಾಸಕೋಶ ಚೆನ್ನಾಗಿದೆ ಅಂತ ಅರ್ಥ ಅಲ್ಲ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಆದ್ರೆ ಇದು ಬಹಿರಂಗ ಪತ್ರ, ಓದೋ ಜನಕ್ಕೂ ಗೊತ್ತಾಗ್ಲಿ ಅಂತ ಬರೀತೀನಿ. ಹೊಗೆ ಮೊದಲು ಹಾಳು ಮಾಡೋದು ಎರಡು ಮಿಲಿಮೀಟರ್‌ಗಿಂತ ಸಣ್ಣ ಇರೋ ಗಾಳಿ ನಳಿಕೆಗಳನ್ನ. ಅಂಥವು ಒಳಗೆ ಸಾವಿರಾರು ಇರೋದ್ರಿಂದ ಒಂದಷ್ಟು ಮುಚ್ಚಿಹೋದ್ರೂ ಮನುಷ್ಯನಿಗೆ ಗೊತ್ತಾಗಲ್ಲ, ಮಿಕ್ಕವು ಕೆಲಸ ನಡೆಸ್ಕೊಂಡು ಹೋಗ್ತವೆ. ಅದಕ್ಕೇ ಡಾಕ್ಟರ್‌ಗಳು ಆ ಭಾಗನ ಸೈಲೆಂಟ್ ಜೋನ್ ಅಂತ ಕರೀತಾರೆ. ಎಕ್ಸ್‌ರೇಲಿ ಏನಾದ್ರೂ ಕಾಣೋ ಹೊತ್ತಿಗೆ ಸಾಮಾನ್ಯವಾಗಿ ಹಾನಿ ತುಂಬಾ ಮುಂದುವರಿದಿರುತ್ತೆ, ಹಾಳಾದ ಗಾಳಿ ಚೀಲಗಳು ಮತ್ತೆ ಹುಟ್ಟಲ್ಲ. ಇದಕ್ಕೆ ಸಿಒಪಿಡಿ ಅಂತಾರೆ, ನಮ್ಮ ಕಡೆ ದಮ್ಮು ಅಂತಾರೆ. ದೇಶದಲ್ಲಿ 1990ರಲ್ಲಿ ಸುಮಾರು 2.8 ಕೋಟಿ ಜನಕ್ಕಿದ್ದ ಖಾಯಿಲೆ 2016ರ ಹೊತ್ತಿಗೆ ಸುಮಾರು 5.5 ಕೋಟಿ ಜನಕ್ಕೆ ಇತ್ತು ಅಂತ ಲೆಕ್ಕ ಹಾಕಿದಾರೆ. ಹೊಗೆಸೊಪ್ಪು ಒಂದೇ ಕಾರಣ ಅಲ್ಲ, ಸೌದೆ ಒಲೆ ಹೊಗೆ, ಧೂಳು ಎಲ್ಲಾ ಸೇರ್ಕೊಂಡಿದೆ, ನಮ್ಮೂರಲ್ಲಿ ಎಷ್ಟೋ ಜನಕ್ಕೆ ಈ ಮೂರೂ ಒಟ್ಟಿಗೇ ಇದೆ.

ಇದನ್ನ ಹಿಡಿಯೋ ಟೆಸ್ಟ್ ಏನು ಮೊನ್ನೆ ಮೊನ್ನೆ ಬಂದಿದ್ದಲ್ಲ. ಲಂಡನ್ನಿನ ಜಾನ್ ಹಚಿನ್ಸನ್ ಅನ್ನೋ ವೈದ್ಯ 1846ರಲ್ಲೇ ಸ್ಪೈರೋಮೀಟರ್ ಇಟ್ಕೊಂಡು ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರು ಅಳೆದು ಬರೆದಿಟ್ಟಿದ್ದ. ಈಗಿನ ಯಂತ್ರ ಲ್ಯಾಪ್‌ಟಾಪ್ ಪಕ್ಕ ಇಡೋವಷ್ಟು ಚಿಕ್ಕದು. ಮೂಗಿಗೆ ಕ್ಲಿಪ್ ಹಾಕಿ, ಪೂರ್ತಿ ಉಸಿರು ಎಳ್ಕೊಂಡು, ಒಂದೇ ಸಲ ಜೋರಾಗಿ ಊದಿ, ಒಳಗೆ ಇರೋದೆಲ್ಲಾ ಖಾಲಿ ಆಗೋವರೆಗೂ ಊದ್ತಾನೇ ಇರ್ಬೇಕು. ಒಟ್ಟು ಎಷ್ಟು ಗಾಳಿ ಹೊರಗೆ ಬಂತು ಅನ್ನೋದು ಎಫ್‌ವಿಸಿ, ಅದರಲ್ಲಿ ಮೊದಲ ಒಂದು ಸೆಕೆಂಡಲ್ಲಿ ಎಷ್ಟು ಬಂತು ಅನ್ನೋದು ಎಫ್‌ಇವಿ-1. ನಳಿಕೆಗಳು ಚೆನ್ನಾಗಿದ್ರೆ ಮೊದಲ ಸೆಕೆಂಡಲ್ಲೇ ಮುಕ್ಕಾಲು ಭಾಗದ ಹತ್ರ ಹತ್ರ ಹೊರಗೆ ಬಂದುಬಿಡುತ್ತೆ. ನಳಿಕೆ ಅಗಲ ಮಾಡೋ ಔಷಧ ಎಳೆಸಿ, ಹದಿನೈದು ನಿಮಿಷ ಕೂರಿಸಿ, ಮತ್ತೆ ಊದಿಸಿದಾಗಲೂ ಎಫ್‌ಇವಿ-1ನ ಎಫ್‌ವಿಸಿಯಿಂದ ಭಾಗಿಸಿದ್ರೆ 0.70ಕ್ಕಿಂತ ಕಮ್ಮಿ ಬಂದ್ರೆ ನಳಿಕೆಯಲ್ಲಿ ಅಡಚಣೆ ಇದೆ ಅಂತ. ರಕ್ತ ತೆಗೆಯೋದಿಲ್ಲ, ಸೂಜಿ ಇಲ್ಲ, ಅರ್ಧ ಮುಕ್ಕಾಲು ಗಂಟೆ ಕೆಲಸ.

ನನ್ನ ಸೋದರಮಾವನ ವಿಷಯ ಹೇಳ್ತೀನಿ. ಅವರು ಹುಡುಗ್ರಾಗಿದ್ದಾಗಿಂದ ರೇಷ್ಮೆ ಬಿಚ್ಚೋ ಯೂನಿಟ್ಟಲ್ಲೇ ಕೆಲಸ ಮಾಡಿದೋರು, ಕೊನೆಕೊನೆಗೆ ಬಾಯ್ಲರ್ ಹತ್ರ ಇದ್ರು, ಬೀಡಿ ಅಂತೂ ಮೀಸೆ ಬರೋಕೆ ಮುಂಚಿಂದ. ನಲವತ್ತರ ಮೇಲೆ ಬೆಳಗ್ಗೆ ಹೊತ್ತು ಕಫ ಶುರುವಾಯ್ತು, ಒಂದು ಆಸ್ಪತ್ರೆಗೆ ಹೋದ್ರು, ಕಫ ಕೊಟ್ರು, ಎಕ್ಸ್‌ರೇ ಆಯ್ತು, ಏನೂ ಇಲ್ಲ ಅಂತ ಕಳ್ಸಿದ್ರು. ಆ ಆಸ್ಪತ್ರೆ ಹೆಸರು ಇಲ್ಲಿ ಬರೆಯೋದಿಲ್ಲ, ಯಾರನ್ನೋ ಸಿಕ್ಕಿಸೋಕೆ ಈ ಪತ್ರ ಬರೀತಿಲ್ಲ. ಆಮೇಲೆ ವರ್ಷಗಟ್ಟಲೆ ಯಾರೂ ಆ ಮಾತೇ ಎತ್ತಲಿಲ್ಲ. ಮನೆಯಿಂದ ಯೂನಿಟ್ಟಿಗೆ ಸೈಕಲ್ ತುಳ್ಕೊಂಡು ಹೋಗ್ತಿದ್ದೋರು ಸೈಕಲ್ ಬಿಟ್ರು, ಆಮೇಲೆ ಯಾರದಾದ್ರೂ ಗಾಡಿ ಹಿಂದೆ ಕೂತ್ಕೊಂಡು ಹೋಗೋಕೆ ಶುರು ಮಾಡಿದ್ರು, ವಯಸ್ಸಾಯ್ತು ಬಿಡು ಅಂತಿದ್ರು, ಐವತ್ತೈದಕ್ಕೆ ಎಂಥ ವಯಸ್ಸು ಸಾರ್.

ಒಂದು ಚಳಿಗಾಲ ರಾತ್ರಿ ಉಸಿರೇ ಸಿಗದ ಹಾಗಾಗಿ ಆಕ್ಸಿಜನ್ ಹಾಕಿಸ್ಕೊಂಡು ಮನೆಗೆ ಬಂದ ಮೇಲೆ ಬೆಂಗಳೂರಿಗೆ ಕರ್ಕೊಂಡು ಹೋದ್ವಿ. ಅಲ್ಲಿ ಮೊದಲ ಸಲ ಊದೋ ಟೆಸ್ಟ್ ಬರೆದ್ರು. ಟೆಕ್ನಿಷಿಯನ್ ಒಬ್ಬ ಹುಡುಗಿ, ಮಾವನ ಎದುರಿಗೆ ಬಗ್ಗಿ ನಿಂತು, ಅಂಕಲ್ ಎಳ್ಕೊಳ್ಳಿ ಎಳ್ಕೊಳ್ಳಿ, ಈಗ ಊದಿ ಊದಿ ಊದಿ, ಬಿಡ್ಬೇಡಿ ಇನ್ನೂ ಇದೆ ಇನ್ನೂ ಇದೆ ಅಂತ ತಾನೇ ಊದ್ತಿರೋ ಹಾಗೆ ಮುಖ ಕೆಂಪು ಮಾಡ್ಕೊಂಡು ಕೂಗ್ತಿದ್ಲು. ಮಾವನ ಕತ್ತಿನ ನರ ಎದ್ದು ಕಾಣ್ತಿತ್ತು, ಅರ್ಧಕ್ಕೆ ಕೆಮ್ಮು ಬಂತು, ಬೇಜಾರು ಮಾಡ್ಕೊಳ್ಳದೆ ನೀರು ಕೊಟ್ಟು ಕೂರ್ಸಿ ಮತ್ತೆ ಊದಿಸಿದ್ಲು. ಸರಿಯಾಗಿ ಬಂದಿರೋ ಮೂರು ಊದು ಬೇಕಂತೆ, ಅದರಲ್ಲಿ ದೊಡ್ಡ ಎರಡು ಒಂದಕ್ಕೊಂದು 150 ಮಿಲಿಲೀಟರ್ ಒಳಗೆ ಹೊಂದ್ಬೇಕಂತೆ, ಇಲ್ಲಾಂದ್ರೆ ರಿಪೋರ್ಟ್ ನಂಬೋ ಹಾಗಿಲ್ಲ. ಸ್ಕ್ರೀನ್ ಮೇಲೆ ಗೆರೆ ಮೇಲೆ ಹೋಗಿ ನೇರ ಇಳೀಬೇಕಾಗಿದ್ದದ್ದು ಬಟ್ಟೆ ಭಾರಕ್ಕೆ ಜೋತುಬಿದ್ದ ಒಣಹಾಕೋ ಹಗ್ಗದ ಥರ ಒಳಗೆ ಬಗ್ಗಿತ್ತು. 0.70 ಆದ್ರೂ ಇರ್ಬೇಕಾಗಿದ್ದ ಆ ಭಾಗಾಕಾರದ ಲೆಕ್ಕ ರಿಪೋರ್ಟಲ್ಲಿ 0.52. ಎಫ್‌ಇವಿ-1 ಇರ್ಬೇಕಾದ್ದರಲ್ಲಿ ಅರ್ಧವೂ ಇಲ್ಲ. ಡಾಕ್ಟರು ಇದು ಎಷ್ಟೋ ವರ್ಷದಿಂದ ನಡೀತಿರೋದು, ಮುಂಚೆ ಯಾವತ್ತೂ ಊದಿಸ್ಲಿಲ್ವಾ ಅಂತ ಕೇಳಿದ್ರು. ಮಾವ ಹೇಳಿದ್ದು ಒಂದೇ ಮಾತು, ಆವತ್ತು ಏನೂ ಇಲ್ಲ ಅಂದ್ರಲ್ಲ ಸಾರ್.

ಅವತ್ತೇ ಊದಿಸಿದ್ರೆ ಏನಾಗ್ತಿತ್ತು ಅಂತ ನೀವು ಕೇಳಬಹುದು. ಕಳ್ಕೊಂಡಿದ್ದು ವಾಪಸ್ ಬರಲ್ಲ, ಸರಿ, ಆದ್ರೆ ಉಳಿದಿದ್ದನ್ನ ಉಳಿಸ್ಕೊಬಹುದಿತ್ತು. ಅಮೆರಿಕ ಮತ್ತು ಕೆನಡಾದಲ್ಲಿ 35ರಿಂದ 60 ವರ್ಷದ 5,887 ಜನ ಸೇದೋರನ್ನ, ಅಡಚಣೆ ಆಗ ತಾನೇ ಶುರುವಾಗಿದ್ದೋರನ್ನ, ಊದೋ ಟೆಸ್ಟಲ್ಲೇ ಹುಡುಕಿ ವರ್ಷಗಟ್ಟಲೆ ಹಿಂಬಾಲಿಸಿದ ಲಂಗ್ ಹೆಲ್ತ್ ಸ್ಟಡಿ ಅಂತ ಒಂದು ಅಧ್ಯಯನ ಇದೆ. ಹನ್ನೊಂದು ವರ್ಷ ಆದ್ಮೇಲೆ ನೋಡಿದ್ರೆ, ಸೇದೋದು ಬಿಟ್ಟ ಗಂಡಸರಿಗೆ ಎಫ್‌ಇವಿ-1 ವರ್ಷಕ್ಕೆ ಸುಮಾರು 30 ಮಿಲಿಲೀಟರ್ ಕಮ್ಮಿ ಆಗಿತ್ತು, ಅಷ್ಟು ಸೇದದೇ ಇರೋರಿಗೂ ವಯಸ್ಸಿನ ಜೊತೆ ಆಗೋದೇ. ಸೇದ್ತಾನೇ ಇದ್ದ ಗಂಡಸರಿಗೆ ವರ್ಷಕ್ಕೆ ಸುಮಾರು 66. ಹತ್ತು ವರ್ಷಕ್ಕೆ ಲೆಕ್ಕ ಹಾಕಿ ಸಾರ್, ಮೂರನೇ ಒಂದು ಲೀಟರ್‌ಗಿಂತ ಜಾಸ್ತಿ ವ್ಯತ್ಯಾಸ. ಒಬ್ಬ ಮನುಷ್ಯ ತನ್ನ ಕಾಲಲ್ಲಿ ಕೆಲಸಕ್ಕೆ ಹೋಗೋದಕ್ಕೂ ಮನೆ ಜಗಲಿ ಮೇಲೆ ಕೂತು ನೆಬ್ಯುಲೈಜರ್ ಹಾಕ್ಕೊಳ್ಳೋದಕ್ಕೂ ನಡುವೆ ಇರೋದು ಅಷ್ಟೇ ಗಾಳಿ.

ಇನ್ನೊಂದು ನನಗೆ ತುಂಬಾ ಮನಸ್ಸಿಗೆ ನಾಟಿದ್ದು. ಇಂಗ್ಲೆಂಡಲ್ಲಿ 35 ದಾಟಿದ 561 ಜನ ಸೇದೋರಿಗೆ ಊದಿಸಿ, ಅರ್ಧ ಜನಕ್ಕೆ ಬರೀ ನಂಬರ್ ಕೊಟ್ರು, ಇನ್ನರ್ಧ ಜನಕ್ಕೆ ನಿಮ್ಮ ಶ್ವಾಸಕೋಶದ ವಯಸ್ಸು ಇಷ್ಟು ಅಂತ ಬಿಡಿಸಿ ಹೇಳಿದ್ರು. 2008ರಲ್ಲಿ ಪ್ರಕಟ ಆಗಿದ್ದು ಇದು. ಒಂದು ವರ್ಷ ಆದ್ಮೇಲೆ ಬರೀ ನಂಬರ್ ಕೇಳಿದೋರಲ್ಲಿ ಬಿಟ್ಟಿದ್ದು ನೂರಕ್ಕೆ 6.4, ವಯಸ್ಸು ಕೇಳಿದೋರಲ್ಲಿ 13.6. ಹತ್ರ ಹತ್ರ ದುಪ್ಪಟ್ಟು. ಶ್ವಾಸಕೋಶ ಇನ್ನೂ ಚೆನ್ನಾಗಿದೆ ಅಂತ ಬಂದೋರೂ ಹಾಳಾಗಿದೆ ಅಂತ ಬಂದೋರಷ್ಟೇ ಬಿಟ್ಟಿದ್ರು. ಅಂದ್ರೆ ಹೆದರಿಕೆಗಿಂತ, ಯಾರೋ ಎದುರಿಗೆ ಕೂತು ಅವನದೇ ಉಸಿರನ್ನ ಅವನಿಗೆ ಬಿಡಿಸಿ ತೋರಿಸಿದ್ದೇ ಕೆಲಸ ಮಾಡಿದೆ ಅಂತ ನನಗನ್ಸುತ್ತೆ. ನೀನು ನಲವತ್ತೈದು, ನಿನ್ನ ಶ್ವಾಸಕೋಶ ಅರವತ್ತೆಂಟು ಅಂತ ಒಂದು ಹಾಳೆ ಮೇಲೆ ಬರೆದುಕೊಟ್ರೆ ನಮ್ಮ ರೀಲರ್ ಅದನ್ನ ಮನೆಗೆ ತಗೊಂಡು ಹೋಗಿ ಹೆಂಡ್ತಿ ಮಕ್ಕಳಿಗೆ ತೋರಿಸ್ತಾನೆ, ಮಿಕ್ಕಿದ್ದು ಅವರೇ ನೋಡ್ಕೊತಾರೆ.

ಈಗ ನಮ್ಮ ವ್ಯವಸ್ಥೆಗೆ ಬರ್ತೀನಿ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಆಶಾ ಕಾರ್ಯಕರ್ತೆಯರು ಸಿಬ್ಯಾಕ್ ಫಾರಂ, ಅಂದ್ರೆ ಯಾರಿಗೆ ಯಾವ ಖಾಯಿಲೆ ಅಪಾಯ ಇದೆ ಅಂತ ಗುರುತಿಸೋ ಪ್ರಶ್ನೆ ಪಟ್ಟಿ, ತುಂಬ್ತಾರೆ. ಅದರಲ್ಲಿ ಬೀಡಿ ಸಿಗರೇಟ್ ಸೇದ್ತೀರಾ ಅಂತ ಇದೆ, ಉಸಿರಾಟಕ್ಕೆ ಕಷ್ಟ ಆಗುತ್ತಾ ಅಂತ ಇದೆ, ಅಡುಗೆಗೆ ಸೌದೆನಾ ಬೆರಣಿನಾ ಗ್ಯಾಸಾ ಅಂತ ಇದೆ, ಹೊಗೆ ಧೂಳು ಇರೋ ಕಡೆ ಕೆಲಸ ಮಾಡ್ತೀರಾ ಅಂತಾನೂ ಇದೆ. ಸಿಒಪಿಡಿ ಅಪಾಯಕ್ಕೆ ಅಂತಾನೇ ಅದರಲ್ಲಿ ಬೇರೆ ಭಾಗ ಇದೆ. ಅಂದ್ರೆ ಕೇಳಬೇಕಾಗಿರೋ ಪ್ರಶ್ನೆಗಳನ್ನೆಲ್ಲಾ ಸರ್ಕಾರವೇ ಕೇಳ್ತಿದೆ. ನಮ್ಮನೆಯಲ್ಲೂ ಕೇಳಿದ್ರು, ಮಾವನ ಮನೆಯಲ್ಲೂ ಕೇಳಿದ್ರು, ಎಲ್ಲಾ ಕಡೆ ಗುರುತು ಹಾಕ್ಕೊಂಡು ಹೋದ್ರು, ಬಿಪಿ ಜಾಸ್ತಿ ಇದ್ರೆ ಮಾತ್ರೆ ಬಂತು, ಶುಗರ್ ಜಾಸ್ತಿ ಇದ್ರೆ ಮಾತ್ರೆ ಬಂತು, ಪಕ್ಕದ ಕೋಲಾರದಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮಾತ್ರೆ ಮನೆಗೇ ತಂದುಕೊಡೋ ಮಟ್ಟಕ್ಕೆ ಬಂದಿದೀವಿ, ಬಹಳ ಸಂತೋಷ. ಆದ್ರೆ ಸೇದ್ತೀನಿ, ಉಸಿರು ಕಟ್ಟುತ್ತೆ, ಬಾಯ್ಲರ್ ಹತ್ರ ಕೆಲಸ ಅಂತ ಹೇಳಿದೋನಿಗೆ ಮುಂದೆ ಎಲ್ಲಿಗೆ ಹೋಗ್ಬೇಕು ಅಂತ ಯಾರೂ ಹೇಳಲಿಲ್ಲ. ಹೇಳೋಕೆ ಹತ್ತಿರದಲ್ಲಿ ಜಾಗ ಇದ್ರೆ ತಾನೇ ಆ ಹೆಣ್ಣುಮಗಳು ಹೇಳೋದು.

ಯಂತ್ರ ಇಲ್ವೇ ಇಲ್ಲ ಅಂತಾನೂ ಅಲ್ಲ. ನನಗೆ ಗೊತ್ತಿರೋ ಒಂದು ಕಡೆ ಸ್ಪೈರೋಮೀಟರ್ ಇದೆ, ಬೀರು ಒಳಗೆ ಅದರ ಡಬ್ಬದಲ್ಲೇ ಇದೆ. ಟ್ರೈನಿಂಗ್ ಆಗಿದ್ದ ಸ್ಟಾಫ್ ನರ್ಸ್ ವರ್ಗ ಆಗಿ ಹೋದ್ರು, ಬಾಯಿಗೆ ಇಡೋ ಮೌತ್‌ಪೀಸು, ಫಿಲ್ಟರು ಖಾಲಿಯಾದವು, ಬೇಕು ಅಂತ ಇಂಡೆಂಟ್ ಬರೆದು ತರಿಸೋರಿಲ್ಲ, ಬರೆಯೋ ಡಾಕ್ಟರಿಗೆ ಅದು ಇರೋದೇ ಗೊತ್ತಿಲ್ಲ. ಕೊಂಡ ಸಾಮಾನು ಹಾಗೆ ಕೂತಿರೋದು ನೋಡಿ ನಿಜವಾಗ್ಲೂ ಹೊಟ್ಟೆ ಉರೀತು ಸಾರ್. ಅದೇ ಹೊತ್ತಿಗೆ ಬಾಗೇಪಲ್ಲಿ ಚೇಳೂರು ಕಡೆಯಿಂದ ಜನ ಒಂದು ದಿನದ ಕೂಲಿ ಬಿಟ್ಟು, ಜೊತೆಗೆ ಒಬ್ಬರ ಕೂಲಿನೂ ಕಳ್ಕೊಂಡು, ಬಸ್ ಹತ್ತಿ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗ ಆಸ್ಪತ್ರೆಗೆ ಹೋಗ್ತಾರೆ, ಹೋಗೋದಾದ್ರೂ ಯಾವಾಗ, ನಡೆಯೋಕಾಗದ ಸ್ಥಿತಿ ಬಂದ್ಮೇಲೆ. ಬರೀ ಕೆಮ್ಮಿಗೆ ಅಂತ ಯಾರು ಅಷ್ಟು ದೂರ ಹೋಗ್ತಾರೆ ಹೇಳಿ.

ನೀವು ಒಂದು ಆಕ್ಷೇಪ ಎತ್ತಬಹುದು, ಅದು ನ್ಯಾಯವಾದದ್ದೇ, ಅದಕ್ಕೂ ಉತ್ತರ ಬರೀತೀನಿ. ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ ಅನ್ನೋ ತಜ್ಞರ ಸಮಿತಿ 2016ರಲ್ಲೂ 2022ರಲ್ಲೂ, ಯಾವ ಲಕ್ಷಣನೂ ಇಲ್ಲದೋರಿಗೆ ಸಿಒಪಿಡಿ ಸ್ಕ್ರೀನಿಂಗ್ ಮಾಡೋದು ಬೇಡ ಅಂತ ಹೇಳಿದೆ. ನಾನೂ ಊರಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಊದಿಸಿ ಅಂತ ಕೇಳ್ತಿಲ್ಲ. ನಾನು ಕೇಳ್ತಿರೋದು ಕೆಮ್ಮು, ಕಫ, ದಮ್ಮು ಅಂತ ತಾವಾಗೇ ನಡ್ಕೊಂಡು ಬಂದು, ಟಿಬಿ ಇಲ್ಲ ಅನ್ನಿಸ್ಕೊಂಡು ವಾಪಸ್ ಹೋಗ್ತಿರೋ ಸೇದೋರ ಬಗ್ಗೆ. ಇನ್ನೊಂದು, ಲಕ್ಷಣ ಇಲ್ಲ ಅನ್ನೋದನ್ನ ನಮ್ಮ ಕಡೆ ಹುಷಾರಾಗಿ ಕೇಳ್ಬೇಕು. ಸುಸ್ತಾಗುತ್ತಾ ಅಂದ್ರೆ ಇಲ್ಲ ಅಂತಾನೆ, ಯಾಕಂದ್ರೆ ಸುಸ್ತಾಗೋ ಕೆಲಸನೇ ಅವನು ಬಿಟ್ಟು ಎರಡು ವರ್ಷ ಆಗಿರುತ್ತೆ. ಅದಕ್ಕೆ ಬದಲು ಮುಂಚೆ ಸೌದೆ ಹೊರೆ ಒಬ್ಬನೇ ಎತ್ತುತಿದ್ದಲ್ಲಪ್ಪ ಈಗಲೂ ಎತ್ತುತೀಯಾ, ನಿನ್ನ ವಯಸ್ಸಿನೋರ ಜೊತೆ ಸಮಕ್ಕೆ ನಡೀತೀಯಾ ಅಂತ ಕೇಳಿ ನೋಡಿ, ಆಗ ಗೊತ್ತಾಗುತ್ತೆ.

ಟೆಸ್ಟ್‌ಗೂ ಅದರದೇ ಮಿತಿ ಇದೆ, ಅದನ್ನ ಮುಚ್ಚಿಟ್ಟು ಬರೆದ್ರೆ ತಪ್ಪಾಗುತ್ತೆ. ಸ್ಪೈರೋಮೆಟ್ರಿ ನಾರ್ಮಲ್ ಬಂದ್ರೂ ಸೇದೋನ ಸಣ್ಣ ನಳಿಕೆ ಹಾಳಾಗಿರಬಹುದು. ನಾರ್ಮಲ್ ರಿಪೋರ್ಟ್ ಇದ್ದೂ ಕೆಮ್ಮು ಉಬ್ಬಸ ಇರೋ ಸೇದೋರ ಬಗ್ಗೆ ಅಮೆರಿಕದಲ್ಲಿ 2016ರಲ್ಲಿ ಬಂದ ದೊಡ್ಡ ಅಧ್ಯಯನವೇ ಇದೆ, ಸುಮ್ಮನೆ ಮಾಮೂಲಿ ಉಸಿರಾಡಿಸಿ ನಳಿಕೆಯ ತಡೆ ಅಳೆಯೋ ಆಸಿಲೋಮೆಟ್ರಿ ಅನ್ನೋ ಯಂತ್ರಗಳೂ ಬಂದಿವೆ. ಅದು ತಾಲ್ಲೂಕಿಗೆ ಬರೋಕೆ ಟೈಮ್ ಆಗುತ್ತೆ, ಗೊತ್ತು. ಆದ್ರೆ ಇವತ್ತು ನಾರ್ಮಲ್ ಬಂದೋನಿಗೆ ನಿನಗೇನೂ ಇಲ್ಲ ಹೋಗು ಅಂತ ಮತ್ತೆ ಅದೇ ಮಾತು ಹೇಳಿ ಕಳಿಸಬಾರದು. ಇನ್ನೂ ಹಿಡಿತದಲ್ಲಿದೆ, ಈಗಲೇ ಬಿಡು, ಮುಂದಿನ ವರ್ಷ ಮತ್ತೆ ಬಾ ಊದು, ಇದರ ಪಕ್ಕದಲ್ಲಿಟ್ಟು ನೋಡೋಣ ಅಂತ ಹೇಳಿ ಕಳಿಸಬೇಕು.

ಹೀಗಾಗಿ ನನ್ನ ಕೋರಿಕೆ ಇಷ್ಟು. ಟಿಬಿ ನೆಗೆಟಿವ್ ಅಂತ ರಿಪೋರ್ಟ್ ಕೊಡೋ ಟೇಬಲ್ಲಲ್ಲೇ, ಸೇದೋರಾ ಅಂತ ಕೇಳಿ, ಹೌದು ಅಂದ್ರೆ ಊದೋ ಟೆಸ್ಟಿಗೆ ಚೀಟಿ ಬರೆದುಕೊಡೋದನ್ನ ಕಡ್ಡಾಯ ಮಾಡಿ. ಟಿಬಿ ಇಲ್ಲ ಅಂತ ಖಾತ್ರಿ ಆದ್ಮೇಲೆ ಊದಿಸೋದ್ರಿಂದ ಬೇರೆಯವರಿಗೆ ಅಂಟೋ ಭಯನೂ ಕಮ್ಮಿ, ಹಾಗಾಗಿ ಅದೇ ಸರಿಯಾದ ಜಾಗ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ ಆದ್ರೂ ಗೊತ್ತುಮಾಡಿ, ನಮ್ಮಲ್ಲಾದ್ರೆ ಯೂನಿಟ್‌ಗಳಿಗೆ ರಜಾ ಇರೋ ದಿನ ವಿಚಾರಿಸಿ ಇಡಿ, ಹೊರಗೆ ಬೋರ್ಡ್ ಮೇಲೆ ಕನ್ನಡದಲ್ಲಿ ಬರೆಸಿ. ಊದಿಸೋಕೆ ಒಬ್ಬರಿಗಲ್ಲ ಇಬ್ಬರಿಗೆ ಟ್ರೈನಿಂಗ್ ಕೊಡಿ, ಒಬ್ಬರು ವರ್ಗ ಆದ್ರೂ ಕೆಲಸ ನಿಲ್ಲದ ಹಾಗೆ. ಜಿಲ್ಲೆಗೆ ಸರ್ಕಾರಿ ಮೆಡಿಕಲ್ ಕಾಲೇಜೇ ಬಂದಿದೆ, ಅಲ್ಲಿನ ಎದೆರೋಗದ ವಿಭಾಗದೋರು ಬಂದು ಕಲಿಸಿಕೊಟ್ಟು ರಿಪೋರ್ಟುಗಳನ್ನ ಆಗಾಗ ತಿರುಗಿ ನೋಡೋ ವ್ಯವಸ್ಥೆ ಆದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಸರಿಯಾಗಿ ಊದಿಸದ ರಿಪೋರ್ಟು ಇಲ್ಲದೇ ಇರೋದಕ್ಕಿಂತ ಕೆಟ್ಟದ್ದು. ಮೌತ್‌ಪೀಸು ಫಿಲ್ಟರುಗಳನ್ನ ಶುಗರ್ ಸ್ಟ್ರಿಪ್ ತರಿಸೋ ಹಾಗೇ ತಿಂಗಳ ಇಂಡೆಂಟಿಗೆ ಸೇರಿಸಿ.

ಊದಿಸಿದ ಮೇಲೆ ರಿಪೋರ್ಟ್ ಕೈಗೆ ಕೊಟ್ಟು ಬರೀ ಕಳಿಸಬೇಡಿ, ಹತ್ತು ನಿಮಿಷ ಕೂರಿಸಿ ಮಾತಾಡೋ ಒಬ್ಬರನ್ನ ಇಡಿ. ಬಿಡ್ತೀನಿ ಅಂದೋನಿಗೆ ಅಲ್ಲೇ 1800-11-2356, ತಂಬಾಕು ಬಿಡೋಕೆ ಸಹಾಯ ಮಾಡೋ ಕ್ವಿಟ್‌ಲೈನಿಗೆ ಫೋನ್ ಹಚ್ಚಿ ಕೊಡಿ, ಬೀಡಿ ಸಿಗರೇಟ್ ಪ್ಯಾಕೆಟ್ ಮೇಲೆ ಅಚ್ಚಾಗಿರೋ ನಂಬರೇ, ನಿಮ್ಹಾನ್ಸ್‌ನೋರು ಕನ್ನಡದಲ್ಲೇ ಮಾತಾಡ್ತಾರೆ, ಆದ್ರೆ ನಮ್ಮ ಜನ ತಾವಾಗೇ ಡಯಲ್ ಮಾಡಲ್ಲ. ಅಡಚಣೆ ಇದೆ ಅಂತ ಬಂದೋರಿಗೆ ಇನ್ಹೇಲರ್ ತಾಲ್ಲೂಕಲ್ಲೇ ಸಿಗ್ಲಿ, ಎಳ್ಕೊಳ್ಳೋದು ಹೇಗೆ ಅಂತ ಒಮ್ಮೆ ತೋರಿಸಿ ಕಳಿಸಿ, ಅರ್ಧ ಜನ ಅದನ್ನ ಗಂಟಲಿಗೆ ಹೊಡ್ಕೊಂಡು ಪಂಪ್ ಕೆಲಸ ಮಾಡ್ತಿಲ್ಲ ಅಂತ ನಮ್ಮ ಕೌಂಟರಿಗೆ ವಾಪಸ್ ತರ್ತಾರೆ.

ಮೊದಲಿಗೆ ಒಂದೇ ಒಂದು ತಾಲ್ಲೂಕಲ್ಲಿ ಮಾಡಿ ನೋಡಿ ಸಾಕು. ಶಿಡ್ಲಘಟ್ಟದಲ್ಲಿ ಮಾಡೋದಾದ್ರೆ ನಮ್ಮ ಮೆಡಿಕಲ್ ಸ್ಟೋರ್‌ಗಳೋರು ಸಿರಪ್ ಕೇಳ್ಕೊಂಡು ಬರೋ ಸೇದೋರಿಗೆಲ್ಲಾ ಯಾವ ದಿನ ಯಾವ ರೂಮಿಗೆ ಹೋಗ್ಬೇಕು ಅಂತ ಚೀಟಿ ಕೊಟ್ಟು ಕಳಿಸ್ತೀವಿ, ಈ ಬಗ್ಗೆ ನಾಲ್ಕೈದು ಅಂಗಡಿಯೋರ ಹತ್ರ ಮಾತಾಡಿದೀನಿ, ಎಲ್ಲರೂ ಒಪ್ಪಿದಾರೆ. ಬೀರುಗಳಲ್ಲಿ ಎಷ್ಟು ಯಂತ್ರ ಇವೆ, ಅದರಲ್ಲಿ ಎಷ್ಟು ಕೆಲಸ ಮಾಡ್ತಿವೆ, ಊದಿಸೋಕೆ ಬರೋರು ಎಷ್ಟು ಜನ ಇದಾರೆ ಅಂತ ಲೆಕ್ಕ ತೆಗೆಸಿ, ಯಾವ ತಿಂಗಳಿಂದ ಶುರು ಮಾಡ್ತೀರಿ ಅಂತ ಜಿಲ್ಲೆಯ ಜನಕ್ಕೆ ಲಿಖಿತವಾಗಿ ತಿಳಿಸಿ ಅಂತ ಕೈಮುಗಿದು ಕೇಳ್ಕೊತೀನಿ.

ಇಂತಿ,
ಶಿಡ್ಲಘಟ್ಟದ ಒಬ್ಬ ಮೆಡಿಕಲ್ ಸ್ಟೋರ್ ಕೆಲಸಗಾರ